14 ದಿನದ ಗೆರೆ ಬಂದದ್ದೆಲ್ಲಿಂದ?

ಮಾನವ ಭ್ರೂಣವನ್ನು ಪ್ರಯೋಗಾಲಯದಲ್ಲಿ ಎಷ್ಟು ದಿನ ಬೆಳೆಸಬಹುದು ಎಂಬ ವಾದದಲ್ಲಿ ಮೊದಲು ಗೋಜಲಾಗುವುದು ದಿನದ ಲೆಕ್ಕವೇ. ಸ್ಕ್ಯಾನಿಂಗ್ ವರದಿಯಲ್ಲಿ ‘10 ವಾರ’ ಎಂದಿದ್ದರೆ ಅದು ಕೊನೆಯ ಮುಟ್ಟಿನ ಮೊದಲ ದಿನದಿಂದ ಎಣಿಸಿದ್ದು. ಭ್ರೂಣಶಾಸ್ತ್ರ ಎಣಿಸುವುದು ಫಲೀಕರಣದಿಂದ. ಆ ಲೆಕ್ಕಕ್ಕೆ ಅದು 8 ವಾರ. ಭ್ರೂಣಲಿಂಗ ಪತ್ತೆ ತಡೆಯುವ ನಮ್ಮ ಪಿಸಿಪಿಎನ್‌ಡಿಟಿ ಕಾಯ್ದೆಯೂ ಕೃತಕ ಗರ್ಭಧಾರಣೆ ಕುರಿತ 2021ರ ಎಆರ್‌ಟಿ ಕಾಯ್ದೆಯೂ 56 ದಿನದವರೆಗೆ ಅದನ್ನು ಭ್ರೂಣ ಎನ್ನುತ್ತವೆ. ಅಲ್ಲಿಂದ ಮುಂದೆ ಫೀಟಸ್. ಪ್ರಯೋಗಾಲಯಕ್ಕೆ ಸಿಕ್ಕಿರುವುದು ಮಾತ್ರ 14 ದಿನ.

ಅರಿಸ್ಟಾಟಲ್ ಕಾಲದಿಂದ 19ನೇ ಶತಮಾನದವರೆಗೆ ಭ್ರೂಣದ ಬಗ್ಗೆ ತಿಳಿದಿದ್ದರಲ್ಲಿ ಬಹುಪಾಲು ಕೋಳಿಮೊಟ್ಟೆ ಒಡೆದು ಕಲಿತದ್ದು. ಮಾನವ ಭ್ರೂಣದ ಕ್ರಮಬದ್ಧ ಸಂಗ್ರಹ ಶುರುವಾದದ್ದು ಅಮೆರಿಕದ ಫ್ರ್ಯಾಂಕ್ಲಿನ್ ಮಾಲ್ ಅವರಿಂದ. ಅವರು 1887ರಿಂದ ಕೂಡಿಟ್ಟ ಮಾದರಿಗಳೇ ಬಾಲ್ಟಿಮೋರ್‌ನ ಕಾರ್ನೆಗಿ ಭ್ರೂಣಶಾಸ್ತ್ರ ವಿಭಾಗದ ಬುನಾದಿಯಾದವು. ಗರ್ಭಪಾತವಾದಾಗ, ಗರ್ಭಕೋಶ ತೆಗೆದಾಗ ಸಿಕ್ಕಿದ್ದನ್ನು ವೈದ್ಯರು ಬಾಟಲಿಯಲ್ಲಿಟ್ಟು ಕಳಿಸುತ್ತಿದ್ದರು. ಆ ಹೆಂಗಸರನ್ನು ಕೇಳುವ ಪದ್ಧತಿ ಆಗ ಇರಲಿಲ್ಲ.

ಬಾಟಲಿ ಬಂದ ಮೇಲಿನ ಕೆಲಸ ತಿಂಗಳುಗಟ್ಟಲೆಯದು. ಫಾರ್ಮಲಿನ್‌ನಲ್ಲಿ ಗಟ್ಟಿಗೊಳಿಸಿ, ಆಲ್ಕೋಹಾಲ್‌ನಿಂದ ನೀರಿನಂಶ ತೆಗೆದು, ಪ್ಯಾರಾಫಿನ್‌ನಲ್ಲಿ ಹುದುಗಿಸಿ, ಮೈಕ್ರೋಟೋಮ್‌ನಲ್ಲಿ 10 ಮೈಕ್ರಾನ್ (ಮಿ.ಮೀ.ನ ನೂರನೇ ಒಂದು ಭಾಗ) ದಪ್ಪದ ಪದರಗಳಾಗಿ ಕೊಯ್ಯಬೇಕು. 5 ಮಿ.ಮೀ. ಭ್ರೂಣಕ್ಕೆ 500 ಪದರ. ಪ್ರತಿ ಪದರವನ್ನೂ ಬಣ್ಣ ಹಾಕಿ, 100 ಪಟ್ಟು ಹಿಗ್ಗಿಸಿ, 1 ಮಿ.ಮೀ. ದಪ್ಪದ ಮೇಣದ ಹಾಳೆಯ ಮೇಲೆ ಬರೆದು, ಕತ್ತರಿಸಿ ಒಂದರ ಮೇಲೊಂದು ಜೋಡಿಸಿದರೆ ಅರ್ಧ ಮೀಟರ್ ಉದ್ದದ ಮಾದರಿ ನಿಲ್ಲುತ್ತದೆ. ಹತ್ತು ಪದರ ಹರಿದು ಹೋದರೆ ಮಾದರಿ ಒಂದು ಸೆಂ.ಮೀ. ಮೋಟಾಗುತ್ತದೆ. ಅದಕ್ಕಿಂತ ದೊಡ್ಡ ತೊಡಕು ಬೇರೆ: ದ್ರಾವಣದಲ್ಲಿ ಭ್ರೂಣ ಕುಗ್ಗುತ್ತದೆ, ಹಾಗಾಗಿ ಉದ್ದ ಅಳೆದು ವಯಸ್ಸು ಹೇಳಿದರೆ ತಪ್ಪುತ್ತದೆ. 1942ರಿಂದ ಜಾರ್ಜ್ ಸ್ಟ್ರೀಟರ್ ಉದ್ದವನ್ನು ನೆಚ್ಚದೆ ಒಳಗಿನ ಅಂಗಗಳ ರಚನೆ ನೋಡಿ ಹಂತ ಗುರುತಿಸತೊಡಗಿದ್ದು ಇದಕ್ಕೇ. ಇವತ್ತಿನ 23 ಕಾರ್ನೆಗಿ ಹಂತಗಳ ಮೂಲ ಅದು. ಗರ್ಭಪಾತದಲ್ಲಿ ಬಂದ ಎಷ್ಟೋ ಮಾದರಿಗಳು ಮೊದಲೇ ದೋಷವುಳ್ಳವು. ಸಹಜ ಯಾವುದು, ವಿಕೃತಿ ಯಾವುದು ಎಂದು ಬೇರ್ಪಡಿಸುವುದೇ ಅರ್ಧ ಕೆಲಸವಾಗಿತ್ತು.

ಮೊದಲ ಎರಡು ವಾರದ ಮಾದರಿ ಮಾತ್ರ ಹೀಗೆ ಸಿಗುವಂತಿರಲಿಲ್ಲ. ಬಾಸ್ಟನ್‌ನಲ್ಲಿ 1938ರಿಂದ ಜಾನ್ ರಾಕ್ ಮತ್ತು ಆರ್ಥರ್ ಹರ್ಟಿಗ್, ಗರ್ಭಕೋಶ ತೆಗೆಸಿಕೊಳ್ಳಲಿದ್ದ ಹೆಂಗಸರಿಗೆ ಮುಟ್ಟು, ಸಮಾಗಮದ ದಿನಗಳನ್ನು ಬರೆದಿಡಲು ಹೇಳಿ, ಅದಕ್ಕೆ ಹೊಂದುವಂತೆ ಶಸ್ತ್ರಚಿಕಿತ್ಸೆ ಮಾಡಿ ಹುಡುಕಿದರು. 210 ಹೆಂಗಸರಿಂದ ಸಿಕ್ಕಿದ್ದು 34 ಭ್ರೂಣ. ಪಠ್ಯಪುಸ್ತಕದ ಮೊದಲ ಎರಡು ವಾರದ ಚಿತ್ರಗಳು ಬಹುಮಟ್ಟಿಗೆ ನಿಂತಿರುವುದು ಇವುಗಳ ಮೇಲೆ. ಇಂದಿನ ನೈತಿಕ ಸಮಿತಿಯ ಮುಂದೆ ಆ ಅಧ್ಯಯನ ಒಂದು ದಿನವೂ ನಿಲ್ಲದು.

1978ರಲ್ಲಿ ಮೊದಲ ಪ್ರನಾಳ ಶಿಶು ಲೂಯಿಸ್ ಬ್ರೌನ್ ಹುಟ್ಟಿದ ಮೇಲೆ ಭ್ರೂಣ ಗಾಜಿನ ತಟ್ಟೆಗೆ ಬಂತು, ಪ್ರಶ್ನೆಯೂ ಬಂತು. 1979ರಲ್ಲಿ ಅಮೆರಿಕದ ಸಲಹಾ ಮಂಡಳಿ, 1984ರಲ್ಲಿ ಬ್ರಿಟನ್ನಿನ ವಾರ್ನಾಕ್ ಸಮಿತಿ 14 ದಿನ ಎಂದವು. 1990ರಲ್ಲಿ ಅದು ಬ್ರಿಟನ್ನಿನ ಕಾನೂನಾಯಿತು. ಕಾರಣ ಹೀಗೆ: 15ನೇ ದಿನದ ಹೊತ್ತಿಗೆ ಭ್ರೂಣದ ತಟ್ಟೆಯ ಮೇಲೆ ಪ್ರಿಮಿಟಿವ್ ಸ್ಟ್ರೀಕ್ ಎಂಬ ಗೀರು ಮೂಡುತ್ತದೆ. ತಲೆ-ಬಾಲದ ದಿಕ್ಕು ಆಗ ಕಾಣುತ್ತದೆ. ಅದಾದ ಮೇಲೆ ಒಂದು ಭ್ರೂಣ ಒಡೆದು ಅವಳಿಯಾಗುವುದು ಹೆಚ್ಚುಕಡಿಮೆ ಮುಗಿದ ಮಾತು. ನರಕೋಶವಂತೂ ಇನ್ನೂ ಇಲ್ಲ. ತರ್ಕ ಸರಿಯೇ. ಆದರೆ ಆಗ ಯಾರ ತಟ್ಟೆಯಲ್ಲೂ ಭ್ರೂಣ ಆ ಗೆರೆಯ ಹತ್ತಿರಕ್ಕೂ ಬರುತ್ತಿರಲಿಲ್ಲ. ಯಾರಿಗೂ ನಷ್ಟವಿಲ್ಲದ ನಿಯಮವನ್ನು ಒಪ್ಪುವುದು ಸುಲಭ. 2001ರಲ್ಲಿ ಅಮೆರಿಕ ಮಾನ್ಯ ಮಾಡಿದ ಭ್ರೂಣದ ಆಕರಕೋಶ (ಸ್ಟೆಮ್ ಸೆಲ್) ಸಾಲುಗಳ ಪಟ್ಟಿಯಲ್ಲಿ ಬೆಂಗಳೂರಿನ ಜೀವವಿಜ್ಞಾನ ಸಂಸ್ಥೆ ಎನ್‌ಸಿಬಿಎಸ್‌ನ ಮೂರು ಇದ್ದವು. ಆ ಕೆಲಸಕ್ಕೆ ಬೇಕಾದದ್ದು 5-6 ದಿನದ ಬ್ಲಾಸ್ಟೊಸಿಸ್ಟ್, ಅಂದರೆ ಟೊಳ್ಳು ಗುಂಡಿನಂತಿರುವ ಭ್ರೂಣ. ಗೆರೆ ಅಡ್ಡ ಬರಲೇ ಇಲ್ಲ.

ಅಡ್ಡ ಬಂದದ್ದು 2016ರಲ್ಲಿ. ಕೇಂಬ್ರಿಜ್ ಮತ್ತು ರಾಕ್‌ಫೆಲರ್ ತಂಡಗಳು ಬ್ಲಾಸ್ಟೊಸಿಸ್ಟ್‌ನ ಹೊರಕವಚ ತೆಗೆದು, ತಟ್ಟೆಯ ತಳಕ್ಕೆ ಅಂಟಿಸಿ, 12-13 ದಿನದವರೆಗೆ ಬೆಳೆಸಿ ನಿಯಮಕ್ಕಾಗಿ ನಿಲ್ಲಿಸಿದವು. ಗರ್ಭಕೋಶವಿಲ್ಲದೆ ಚಪ್ಪಟೆ ತಳದಲ್ಲಿ ಬೆಳೆದ ಭ್ರೂಣ ತಾನೂ ಚಪ್ಪಟೆಯಾಗುತ್ತದೆ, ಎಷ್ಟೋ ಮಧ್ಯದಲ್ಲೇ ಕುಸಿಯುತ್ತವೆ ಎಂಬುದು ಸುದ್ದಿಗಳಲ್ಲಿ ಅಷ್ಟಾಗಿ ಬರಲಿಲ್ಲ. ಮಿತಿ ಸಡಿಲಿಸಬೇಕೆನ್ನುವವರ ಕಣ್ಣು 15ರಿಂದ 28ನೇ ದಿನದ ಮೇಲೆ. ಹೃದಯ ಮಿಡಿಯತೊಡಗುವುದು 22ರ ಆಸುಪಾಸಿನಲ್ಲಿ. ಮುಂದೆ ಮಿದುಳು, ಬೆನ್ನುಹುರಿಯಾಗುವ ನರನಾಳದ ಎರಡೂ ತುದಿ ಮುಚ್ಚುವುದು 28ರೊಳಗೆ, ಮುಚ್ಚದಿದ್ದರೆ ಸ್ಪೈನಾ ಬೈಫಿಡಾದಂಥ ದೋಷ. ಮುಟ್ಟು ತಪ್ಪಿತೆಂದು ಗೊತ್ತಾಗುವಾಗಲೇ ಸುಮಾರು 14 ದಿನ ಕಳೆದಿರುವುದರಿಂದ ಈ ಅವಧಿಯ ಮಾದರಿ ಆಸ್ಪತ್ರೆಗಳಲ್ಲೂ ಅಪರೂಪ. ನರನಾಳದ ದೋಷ ತಡೆಯಲು ಕೊಡುವ ಫೋಲಿಕ್ ಆಮ್ಲದ ಮಾತ್ರೆಯನ್ನು ಗರ್ಭ ನಿಲ್ಲುವ ಮುಂಚೆಯೇ ಶುರುಮಾಡಿ ಎನ್ನುವುದೂ ಇದರಿಂದಲೇ.

2021ರಲ್ಲಿ ಅಂತರರಾಷ್ಟ್ರೀಯ ಆಕರಕೋಶ ಸಂಶೋಧನಾ ಸಂಘ 14 ದಿನ ದಾಟುವುದನ್ನು ನಿಷಿದ್ಧ ಪಟ್ಟಿಯಿಂದ ತೆಗೆಯಿತು. ನಮ್ಮ ವೈದ್ಯಕೀಯ ಸಂಶೋಧನಾ ಮಂಡಳಿ ಐಸಿಎಂಆರ್‌ನ 2017ರ ಮಾರ್ಗಸೂಚಿ ಹೇಳುವುದು 14 ದಿನ ಅಥವಾ ಪ್ರಿಮಿಟಿವ್ ಸ್ಟ್ರೀಕ್, ಯಾವುದು ಮೊದಲೋ ಅದು. ಇಷ್ಟರಲ್ಲಿ, 2023ರಲ್ಲಿ, ಇಸ್ರೇಲಿನ ವೈಜ್‌ಮನ್ ಸಂಸ್ಥೆ ಅಂಡಾಣು, ವೀರ್ಯಾಣು ಎರಡೂ ಇಲ್ಲದೆ ಬರೀ ಆಕರಕೋಶಗಳಿಂದ, 14ನೇ ದಿನದ ಭ್ರೂಣವನ್ನು ಹೋಲುವ ಮಾದರಿ ಕಟ್ಟಿತು. ನಮ್ಮ ಎಆರ್‌ಟಿ ಕಾಯ್ದೆ 56 ದಿನವನ್ನು ಎಣಿಸುವುದು ಫಲೀಕರಣದ ದಿನದಿಂದ. ಈ ಮಾದರಿಗೆ ಅಂಥ ದಿನವೇ ಇಲ್ಲ.