ಕೇಳಿದವರೇ ತಪ್ಪಿತಸ್ಥರಾಗುವ ಮನೆ

ಶಿವಮೊಗ್ಗದಲ್ಲಿ ಆಪ್ತಸಮಾಲೋಚನೆಗೆಂದು ನನ್ನ ಬಳಿಗೆ ಬರುವವರಲ್ಲಿ “ನನಗೆ ಮೋಸವಾಗಿದೆ” ಎನ್ನುತ್ತಾ ಕೂರುವವರು ಕಡಿಮೆ. “ನಿದ್ದೆಯಿಲ್ಲ, ಮರೆವು ಜಾಸ್ತಿ, ತಲೆ ಕೆಟ್ಟಿದೆಯೋ ಏನೋ ನೋಡಿ” ಎನ್ನುವವರೇ ಹೆಚ್ಚು.

ಹೊಸನಗರದ ಕಡೆಯ ಗೃಹಿಣಿಯೊಬ್ಬರು (ಗುರುತು ಸಿಗದಂತೆ ವಿವರ ಬದಲಿಸಿದ್ದೇನೆ) ಮರೆವಿನ ದೂರು ಹೊತ್ತೇ ಬಂದಿದ್ದರು. ಅಡಿಕೆ ಮಾರಿದ ದುಡ್ಡೆಲ್ಲಿ ಎಂದರೆ ಗಂಡ, “ಮೊನ್ನೆಯೇ ಹೇಳಿದೆನಲ್ಲ, ನಿನಗೆ ಯಾವುದು ನೆನಪಿರುತ್ತದೆ?” ಎನ್ನುತ್ತಿದ್ದರು. ಬಳೆ ಎಲ್ಲಿ ಎಂದರೆ, “ನೀನೇ ಎಲ್ಲೋ ಇಟ್ಟು ಮರೆತಿದ್ದೀಯ.” ಅತ್ತೆಯ ಎದುರಿಗೂ ಅದೇ ಮಾತು. ಕ್ರಮೇಣ ಆಕೆ ಒಲೆ ಆರಿಸಿದ್ದೇನೆಯೇ ಎಂದು ಮತ್ತೆ ಮತ್ತೆ ಎದ್ದು ಹೋಗಿ ನೋಡತೊಡಗಿದರು. ಒಂದು ದಿನ ಒಗೆಯಲು ತೆಗೆದ ಅಂಗಿಯ ಜೇಬಿನಲ್ಲಿ ಬಳೆ ಅಡವಿಟ್ಟ ರಸೀದಿ ಸಿಕ್ಕಿತು. ಮೊದಲು ಸಮಾಧಾನವೇ ಆಯಿತಂತೆ, ಸದ್ಯ ತಲೆ ಸರಿಯಿದೆಯಲ್ಲ ಎಂದು. ಕೋಪ ಬಂದದ್ದು ಆಮೇಲೆ.

ಸುಳ್ಳು ಹೇಳಿದವರೆಲ್ಲ ಕುತಂತ್ರಿಗಳಲ್ಲ. ಸಾಲ ಮುಚ್ಚಿಟ್ಟವನು ಸಿಕ್ಕಿಬಿದ್ದಾಗ ತಲೆ ತಗ್ಗಿಸಿದರೆ ಸಂಸಾರಕ್ಕೆ ಇನ್ನೂ ದಾರಿಯಿದೆ. “ನನ್ನ ಜೇಬಿಗೆ ಯಾಕೆ ಕೈ ಹಾಕಿದೆ?” ಎಂದು ತಿರುಗಿಬಿದ್ದರೆ ನಾನು ಎಚ್ಚರವಾಗುತ್ತೇನೆ. ಇದು ಗಂಡ-ಹೆಂಡಿರ ನಡುವೆ ಮಾತ್ರ ನಡೆಯುವುದೂ ಅಲ್ಲ. ಪಹಣಿಯಲ್ಲಿ ಯಾರ ಹೆಸರಿದೆ ಎಂದು ಕೇಳಿದ ತಮ್ಮನಿಗೆ ಮನೆಮುರುಕನ ಪಟ್ಟ ಕಟ್ಟುವ ಅಣ್ಣಂದಿರು ಮಲೆನಾಡಿನ ಕೂಡುಕುಟುಂಬಗಳಲ್ಲಿ ಬೇಕಾದಷ್ಟಿದ್ದಾರೆ.

ಹೀಗೆ ಮೋಸಹೋಗಿ ಬಂದವರೆದುರು ಮೊದಲ ಭೇಟಿಯಲ್ಲೇ ಕ್ಷಮೆಯ ಮಾತೆತ್ತುವುದನ್ನು ನಾನು ಒಪ್ಪುವುದಿಲ್ಲ. “ಅನುಸರಿಸಿಕೊಂಡು ಹೋಗಮ್ಮ” ಎಂದು ಹಿರಿಯರು ಹೇಳಿ ಎದ್ದುಬಿಡುತ್ತಾರೆ. ಅದು ಮಾಡಿದ ಹಾನಿಯನ್ನು ಸರಿಪಡಿಸುವುದರಲ್ಲೇ ನಮ್ಮ ಅರ್ಧ ಶ್ರಮ ಹೋಗುತ್ತದೆ. ಬರೆದಿಡಿ ಎನ್ನುತ್ತೇನೆ: ತಾರೀಕು, ಆಡಿದ ಮಾತು, ಮಂಡಿಯ ಚೀಟಿ, ಪಾಸ್‌ಬುಕ್ಕಿನ ಲೆಕ್ಕ. ಆ ಪುಸ್ತಕ ತವರಿನಲ್ಲೋ ಗೆಳತಿಯ ಬಳಿಯೋ ಇರಲಿ. ಕೋರ್ಟಿನ ಮೆಟ್ಟಿಲು ಹತ್ತದಿದ್ದರೂ, ತನ್ನ ನೆನಪನ್ನು ತಾನು ನಂಬುವುದಕ್ಕಾದರೂ ಅದು ಬೇಕು.

2005ರ ಕೌಟುಂಬಿಕ ದೌರ್ಜನ್ಯ ತಡೆ ಕಾಯ್ದೆಯಡಿ ಹೊಡೆತ ಬಡಿತದಂತೆಯೇ ಮಾನಸಿಕ ಹಿಂಸೆಯೂ, ಹೆಂಡತಿಯ ಸ್ತ್ರೀಧನವನ್ನು ಪರಭಾರೆ ಮಾಡುವಂಥ ಆರ್ಥಿಕ ಹಿಂಸೆಯೂ ದೌರ್ಜನ್ಯವೇ. ಮೈಮೇಲೆ ಗಾಯವಿಲ್ಲವೆಂದು ಸುಮ್ಮನಿರಬೇಕಿಲ್ಲ. ಮಹಿಳಾ ಸಹಾಯವಾಣಿ 181. ನಿದ್ದೆಗೆಟ್ಟು ದಿಗಿಲು ಹೆಚ್ಚಿದ್ದರೆ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416; ಕನ್ನಡದಲ್ಲೇ ಮಾತನಾಡಬಹುದು. ಮನೆಯವರು ಮೊಬೈಲ್ ತಡಕಾಡುತ್ತಾರೆಂಬ ಅಂಜಿಕೆಯಿದ್ದರೆ ಪಕ್ಕದ ಮನೆಯ ಫೋನಿನಿಂದ ಕರೆ ಮಾಡಿ.