ವಾಷಿಂಗ್ ಮಶೀನ್ ಯಾಕೆ ರೋಬೋಟ್ ಅಲ್ಲ?

ಪ್ರಶ್ನೆ: ಬಟ್ಟೆ ಹಾಕಿ ಗುಂಡಿ ಒತ್ತಿದರೆ ಸಾಕು, ವಾಷಿಂಗ್ ಮಶೀನ್ ನೀರು ತುಂಬಿಸಿಕೊಂಡು, ಒಗೆದು, ಹಿಂಡಿ, ತಾನೇ ನಿಲ್ಲುತ್ತದೆ. ಅದನ್ನು ಯಾರೂ ರೋಬೋಟ್ ಅನ್ನುವುದಿಲ್ಲ. ಕಾರ್ಖಾನೆಯಲ್ಲಿ ನಿಂತಲ್ಲೇ ನಿಂತು ಬೆಸುಗೆ ಹಾಕುವ ಲೋಹದ ತೋಳನ್ನು ಮಾತ್ರ ರೋಬೋಟ್ ಅನ್ನುತ್ತಾರೆ. ಹಾಗಾದರೆ ರೋಬೋಟ್ ಅಂದರೆ ಏನು? ನಮಗೆ ಅವು ಎಲ್ಲಿ ಉಪಯೋಗಕ್ಕೆ ಬರುತ್ತಿವೆ?

ಉತ್ತರ: ಮೊದಲೇ ಒಪ್ಪಿಕೊಳ್ಳಬೇಕು, ಇವೆರಡರ ನಡುವಿನ ಗೆರೆ ಅಷ್ಟೇನೂ ದಪ್ಪವಾಗಿಲ್ಲ. ವಾಷಿಂಗ್ ಮಶೀನಿಗೂ ಸೆನ್ಸರ್ ಇದೆ, ನೀರಿನ ಮಟ್ಟ ಅಳೆಯುತ್ತದೆ. ಒಳಗೆ ಪ್ರೋಗ್ರಾಂ ಇದೆ, ತಿರುಗಿಸಲು ಮೋಟಾರಿದೆ. ಸುತ್ತಲನ್ನು ಗ್ರಹಿಸುವುದು, ಏನು ಮಾಡಬೇಕೆಂದು ತೀರ್ಮಾನಿಸುವುದು, ಆಮೇಲೆ ಮೈ ಅಲುಗಿಸಿ ಅದನ್ನು ಮಾಡುವುದು: ರೋಬೋಟಿಗೆ ಬೇಕಾದ ಈ ಮೂರೂ ಅದರಲ್ಲಿ ಅಷ್ಟಿಷ್ಟು ಇವೆ. ಆದರೆ ಅದರ ಲೋಕವೆಲ್ಲ ಡ್ರಮ್ಮಿನೊಳಗೇ ಮುಗಿಯುತ್ತದೆ. ಅಲ್ಲಿ ಕುರ್ಚಿ ಅಡ್ಡ ಬರುವುದಿಲ್ಲ, ಮೆಟ್ಟಿಲು ಎದುರಾಗುವುದಿಲ್ಲ. ಒಗೆಯುವುದು ಬಿಟ್ಟು ಬೇರೆ ಕೆಲಸ ಹೇಳಿಕೊಡಲೂ ಬರುವುದಿಲ್ಲ.

ಅದೇ ನೆಲ ಗುಡಿಸುವ, ತಟ್ಟೆಯಾಕಾರದ ಪುಟ್ಟ ಯಂತ್ರವನ್ನು ನೋಡಿ. 2002ರಲ್ಲಿ ರೂಂಬಾ ಎಂಬ ಹೆಸರಿನಲ್ಲಿ ಬಂದದ್ದು ಈ ಜಾತಿಯಲ್ಲಿ ಎಲ್ಲರಿಗೂ ಪರಿಚಿತ. ಅದು ಹೊರಟ ಕೋಣೆ ಅದರದ್ದಲ್ಲ, ನಮ್ಮದು. ಯಾರೋ ಚಪ್ಪಲಿ ಬಿಟ್ಟಿರುತ್ತಾರೆ, ಬಾಗಿಲು ಅರ್ಧ ಮುಚ್ಚಿರುತ್ತದೆ. ಮೆಟ್ಟಿಲಿನ ಅಂಚಿಗೆ ಬಂದಾಗ ಅದು ಉರುಳದೆ ಹಿಂದೆ ಸರಿಯುವುದು ಹೇಗೆ ಗೊತ್ತೇ? ಹೊಟ್ಟೆಯ ಕೆಳಗಿನಿಂದ ಕಣ್ಣಿಗೆ ಕಾಣದ ಅವಕೆಂಪು ಬೆಳಕನ್ನು ನೆಲಕ್ಕೆ ಬಿಡುತ್ತಿರುತ್ತದೆ. ಬೆಳಕು ಮರಳಿ ಬಂದರೆ ಕೆಳಗೆ ನೆಲವಿದೆ ಎಂದರ್ಥ, ಬಾರದಿದ್ದರೆ ಪ್ರಪಾತ. ಈ ಲೆಕ್ಕ ತಪ್ಪುವುದೂ ಉಂಟು. ಕಡುಗಪ್ಪು ಜಮಖಾನೆ ಹಾಸಿದ್ದರೆ ಅದು ಬೆಳಕನ್ನೆಲ್ಲ ಹೀರಿಬಿಡುತ್ತದೆ. ಯಂತ್ರ ಅದರ ಅಂಚಿನಲ್ಲಿ ನಿಂತು, ಹಿಂದೆ ಸರಿದು, ಮತ್ತೆ ಬಂದು, ಮತ್ತೆ ಸರಿಯುತ್ತದೆ. ಅದರ ಪಾಲಿಗೆ ಅಲ್ಲಿರುವುದು ಬಾವಿ. ರೋಬೋಟ್ ಅಂದರೇನು ಎಂದು ಮಕ್ಕಳಿಗೆ ತೋರಿಸಲು ಇದಕ್ಕಿಂತ ಒಳ್ಳೆಯ ದೃಶ್ಯ ನನಗೆ ಗೊತ್ತಿಲ್ಲ. ಅದು ತನಗೆ ತಿಳಿದಷ್ಟರಲ್ಲಿ ಜಗತ್ತನ್ನು ಅಳೆಯುತ್ತದೆ, ಆ ಅಳತೆಯನ್ನು ನಂಬಿ ಹೆಜ್ಜೆ ಇಡುತ್ತದೆ.

ಮನುಷ್ಯನ ಹಾಗೆ ಕೈಕಾಲು, ಮುಖ ಇರಬೇಕೆಂಬ ನಿಯಮವೇನೂ ಇಲ್ಲ. ಆ ಕಲ್ಪನೆ ಬಂದದ್ದು ರಂಗಭೂಮಿಯಿಂದ. ಚೆಕ್ ಲೇಖಕ ಕಾರೆಲ್ ಚಾಪೆಕ್ 1920ರಲ್ಲಿ ಬರೆದ ನಾಟಕದಲ್ಲಿ ರೋಬೋಟ್ ಎಂಬ ಪದ ಮೊದಲು ಕಾಣಿಸಿಕೊಂಡಿತು. ಅದನ್ನು ಸೂಚಿಸಿದವನು ಅವನ ಅಣ್ಣ ಯೋಸೆಫ್. ಚೆಕ್ ಭಾಷೆಯಲ್ಲಿ ರೊಬೊಟಾ ಅಂದರೆ ಬಿಟ್ಟಿಚಾಕರಿ, ಒಡೆಯನ ಹೊಲದಲ್ಲಿ ಕೂಲಿಯಿಲ್ಲದೆ ಮಾಡಲೇಬೇಕಾದ ದುಡಿಮೆ.

ಇನ್ನು ನೀವು ಕೇಳಿದ ಕಾರ್ಖಾನೆಯ ತೋಳು. ನಿಜ ಹೇಳಬೇಕೆಂದರೆ ಅದರ ಮಟ್ಟಿಗೆ ನಿಮ್ಮ ಅನುಮಾನ ನ್ಯಾಯವಾದದ್ದೇ. ಇಂತಹ ಅನೇಕ ತೋಳುಗಳಿಗೆ ಇವತ್ತಿಗೂ ಕಣ್ಣಿಲ್ಲ. ತನ್ನ ಒಂದೊಂದು ಕೀಲು ಎಷ್ಟು ಡಿಗ್ರಿ ತಿರುಗಿದೆ ಎಂಬುದು ಮಾತ್ರ ಅದಕ್ಕೆ ಬಹಳ ಚೆನ್ನಾಗಿ ಗೊತ್ತು. ಸಾಮಾನ್ಯವಾಗಿ ಆರು ಕೀಲುಗಳಿರುತ್ತವೆ. ಹೇಳಿದ ಜಾಗ ಮುಟ್ಟಲು ಮೂರು, ಮುಟ್ಟಿದ ಮೇಲೆ ಸರಿಯಾದ ಕೋನಕ್ಕೆ ತಿರುಗಲು ಮೂರು. ಅದನ್ನು ರೋಬೋಟ್ ಅನ್ನುವುದು ಮುಖ್ಯವಾಗಿ ಎರಡು ಕಾರಣಕ್ಕೆ. ತನ್ನ ಮೈಯ ಆಚೆ ಇರುವ ವಸ್ತುವಿನ ಮೇಲೆ ಕೆಲಸ ಮಾಡುತ್ತದೆ. ಮತ್ತು ಇಂದು ಬೆಸುಗೆ ಹಾಕಿದ್ದಕ್ಕೆ ನಾಳೆ ತುದಿಯ ಉಪಕರಣ ಬದಲಿಸಿ, ಪ್ರೋಗ್ರಾಂ ಬದಲಿಸಿ, ಬಣ್ಣ ಬಳಿಯಲು ಕಲಿಸಬಹುದು.

ಕಲಿಸುವುದನ್ನು ಹತ್ತಿರದಿಂದ ನೋಡಬೇಕು. ತಂತ್ರಜ್ಞರ ಕೈಯಲ್ಲಿ ಟೀಚ್ ಪೆಂಡೆಂಟ್ ಎಂಬ ಪೆಟ್ಟಿಗೆ ಇರುತ್ತದೆ. ಗುಂಡಿ ಒತ್ತಿ ಒತ್ತಿ ತೋಳನ್ನು ಒಂದೊಂದೇ ಬಿಂದುವಿಗೆ ನಿಧಾನವಾಗಿ ಒಯ್ದು, ಇದು ನೆನಪಿರಲಿ, ಇದು ನೆನಪಿರಲಿ ಎಂದು ಗುರುತು ಹಾಕಿಸುತ್ತಾರೆ. ಪೆಟ್ಟಿಗೆಯ ಹಿಂಬದಿಯಲ್ಲಿ ಒಂದು ಸ್ವಿಚ್ ಇರುತ್ತದೆ. ಅದನ್ನು ಹದವಾಗಿ ಒತ್ತಿ ಹಿಡಿದರೆ ಮಾತ್ರ ತೋಳು ಅಲುಗುತ್ತದೆ. ಕೈ ಬಿಟ್ಟರೆ ನಿಲ್ಲುತ್ತದೆ, ಗಟ್ಟಿಯಾಗಿ ಹಿಸುಕಿದರೂ ನಿಲ್ಲುತ್ತದೆ. ಗಾಬರಿಯಾದ ಮನುಷ್ಯ ಕೈಯಲ್ಲಿದ್ದದ್ದನ್ನು ಒಂದೋ ಬಿಟ್ಟುಬಿಡುತ್ತಾನೆ, ಇಲ್ಲವೇ ಮುಷ್ಟಿ ಬಿಗಿಯುತ್ತಾನೆ. ಎರಡನ್ನೂ ಯೋಚಿಸಿ ಮಾಡಿದ ಸ್ವಿಚ್ ಅದು.

ಇಂತಹ ಎಚ್ಚರಕ್ಕೆ ಬೆಲೆ ತೆತ್ತವರಿದ್ದಾರೆ. 1979ರ ಜನವರಿ 25ರಂದು ಅಮೆರಿಕದ ಮಿಷಿಗನ್‌ನ ಎರಕದ ಕಾರ್ಖಾನೆಯೊಂದರಲ್ಲಿ ಬಿಡಿಭಾಗ ತರಲು ಸಾಮಾನಿನ ಅಟ್ಟಣಿಗೆ ಏರಿದ್ದ 25 ವರ್ಷದ ಕಾರ್ಮಿಕನಿಗೆ ರೋಬೋಟಿನ ತೋಳು ಬಡಿದು ಪ್ರಾಣ ಹೋಯಿತು. ಅವನು ಅಲ್ಲಿದ್ದಾನೆ ಎಂಬುದೇ ಯಂತ್ರಕ್ಕೆ ತಿಳಿದಿರಲಿಲ್ಲ. ದೊಡ್ಡ ತೋಳುಗಳನ್ನು ಬೇಲಿಯೊಳಗೆ ಇಡುವುದು, ಬೇಲಿಯ ಬಾಗಿಲು ತೆರೆದರೆ ವಿದ್ಯುತ್ ಕಡಿಯುವಂತೆ ಮಾಡುವುದು ಇದೇ ಕಾರಣಕ್ಕೆ. ಜನರ ಪಕ್ಕದಲ್ಲೇ ಬೇಲಿಯಿಲ್ಲದೆ ದುಡಿಯುವ, ಮೈ ತಗುಲಿದರೆ ನಿಲ್ಲುವ ಕೋಬೋಟ್‌ಗಳು ಮಾರುಕಟ್ಟೆಗೆ ಬಂದದ್ದು ತೀರ ಈಚೆಗೆ, 2008ರ ಸುಮಾರಿಗೆ.

ಈಗ ಉಪಯೋಗಕ್ಕೆ ಬರೋಣ. ಜಾರ್ಜ್ ಡೆವೊಲ್ ಮತ್ತು ಜೋಸೆಫ್ ಎಂಗಲ್‌ಬರ್ಗರ್ ರೂಪಿಸಿದ ಯೂನಿಮೇಟ್, ಕಾರ್ಖಾನೆಗೆ ಕಾಲಿಟ್ಟ ಮೊದಲ ರೋಬೋಟ್. 1961ರಲ್ಲಿ ನ್ಯೂಜೆರ್ಸಿಯ ಜನರಲ್ ಮೋಟಾರ್ಸ್ ಘಟಕದಲ್ಲಿ ಅದಕ್ಕೆ ಸಿಕ್ಕ ಕೆಲಸ, ಅಚ್ಚಿನಿಂದ ಆಗಷ್ಟೇ ಹೊರಬಂದ, ಸುಡುತ್ತಿದ್ದ ಲೋಹದ ಭಾಗಗಳನ್ನು ಎತ್ತಿಡುವುದು. ಮನುಷ್ಯನ ಮೈ ಇರಬಾರದ ಜಾಗದಲ್ಲಿ ನಿಲ್ಲುವುದು. ರೋಬೋಟಿನ ಅತ್ಯಂತ ದೊಡ್ಡ ಉಪಯೋಗ ಇದೇ ಎಂದು ನಾನು ನಂಬಿದ್ದೇನೆ. ಅದು ಕೈಕೊಟ್ಟಾಗ ಏನಾಗುತ್ತದೆ ಎಂಬುದನ್ನು 1986ರಲ್ಲಿ ಚೆರ್ನೋಬಿಲ್ ತೋರಿಸಿತು. ಸ್ಫೋಟಗೊಂಡ ಅಣುಸ್ಥಾವರದ ಚಾವಣಿಯ ಮೇಲೆ ಬಿದ್ದ ಗ್ರಾಫೈಟ್ ತುಂಡುಗಳನ್ನು ತೆಗೆಯಲು ಹೋದ ಯಂತ್ರಗಳು ವಿಕಿರಣಕ್ಕೆ ಸಿಕ್ಕಿ, ಅವಶೇಷಗಳಲ್ಲಿ ಸಿಲುಕಿ ಕೆಟ್ಟುನಿಂತವು. ಕೊನೆಗೆ ಸೈನಿಕರು ಸಲಿಕೆ ಹಿಡಿದು ಹತ್ತಿದರು. ಒಬ್ಬೊಬ್ಬರೂ ಅಲ್ಲಿ ನಿಲ್ಲಬಹುದಾಗಿದ್ದದ್ದು ಒಂದೆರಡು ನಿಮಿಷ, ಎಷ್ಟೋ ಸಲ ಅದಕ್ಕಿಂತಲೂ ಕಡಿಮೆ. ಅವರನ್ನು ಬಯೋರೋಬೋಟ್‌ಗಳೆಂದು, ಅಂದರೆ ಜೀವವಿರುವ ರೋಬೋಟ್‌ಗಳೆಂದು ಕರೆದರು. ಆ ಹೆಸರು ಕೇಳಿದಾಗೆಲ್ಲ ನನಗೆ ಸಂಕಟವಾಗುತ್ತದೆ.

2011ರಲ್ಲಿ ಜಪಾನಿನ ಫುಕುಶಿಮಾ ಸ್ಥಾವರದಲ್ಲಿ ದುರಂತವಾದಾಗ ಪರಿಸ್ಥಿತಿ ಕೊಂಚ ಬದಲಾಗಿತ್ತು. ಮೊದಲ ಕೆಲವು ವಾರಗಳಲ್ಲೇ, ಬಾಂಬ್ ನಿಷ್ಕ್ರಿಯಗೊಳಿಸುವಂತಹ ಕೆಲಸಕ್ಕೆಂದು ಮಾಡಿದ್ದ ಪ್ಯಾಕ್‌ಬಾಟ್‌ಗಳು ರಿಯಾಕ್ಟರ್ ಕಟ್ಟಡದ ಬಾಗಿಲು ತೆರೆದು ಒಳಹೊಕ್ಕು ವಿಕಿರಣ ಅಳೆದವು. 2017ರಲ್ಲಿ ನೀರಿನಲ್ಲಿ ಈಜುವ ಪುಟ್ಟ ರೋಬೋಟ್ ಒಂದು ಮುಳುಗಿದ ರಿಯಾಕ್ಟರಿನೊಳಗಿಂದ, ಕರಗಿದ ಇಂಧನದಂತೆ ಕಾಣುವ ವಸ್ತುವಿನ ಚಿತ್ರ ತಂದಿತು. ಅದೇ ವರ್ಷ ಇನ್ನೊಂದು ರಿಯಾಕ್ಟರಿಗೆ ಇಳಿಸಿದ ಯಂತ್ರದ ಕ್ಯಾಮೆರಾ ವಿಕಿರಣಕ್ಕೆ ಮಂಕಾಗಿ, ಅದನ್ನು ಅರ್ಧಕ್ಕೇ ಹಿಂದಕ್ಕೆ ಎಳೆಯಬೇಕಾಯಿತು. ಕರಗಿದ ಇಂಧನದ ಮೊದಲ ಚೂರು ದೂರನಿಯಂತ್ರಿತ ಸಾಧನಕ್ಕೆ ಸಿಕ್ಕಿ ಹೊರಬಂದದ್ದು 2024ರ ನವೆಂಬರಿನಲ್ಲಿ. ಅದರ ತೂಕ ಸುಮಾರು 0.7 ಗ್ರಾಂ. ಒಳಗಿರುವುದು ಸುಮಾರು 880 ಟನ್.

ಇವುಗಳಲ್ಲಿ ಬಹುಪಾಲು ಯಂತ್ರಗಳಿಗೆ ದಾರಿ ಹೇಳುತ್ತಿದ್ದವರು ದೂರದಲ್ಲಿ ಕೂತ ಮನುಷ್ಯರು. ಆಸ್ಪತ್ರೆಗಳಲ್ಲಿರುವ ಶಸ್ತ್ರಚಿಕಿತ್ಸಾ ರೋಬೋಟ್‌ಗಳದ್ದೂ ಅದೇ ಕತೆ. ಅಮೆರಿಕದಲ್ಲಿ 2000ರಲ್ಲಿ ಅನುಮೋದನೆ ಪಡೆದ ‘ಡಾ ವಿಂಚಿ’ ಎಂಬ ರೋಬೋಟ್ ತಾನಾಗಿ ಏನನ್ನೂ ಕತ್ತರಿಸುವುದಿಲ್ಲ. ಸರ್ಜನ್ ಕೈ ಆಡಿಸಿದಂತೆ ಅದರ ಸಣ್ಣ ಉಪಕರಣಗಳು ಆಡುತ್ತವೆ. ಕೈಯ ದೊಡ್ಡ ಚಲನೆಯನ್ನು ಅದು ಚಿಕ್ಕದು ಮಾಡುತ್ತದೆ, ನಡುಕವನ್ನು ಸೋಸಿ ತೆಗೆಯುತ್ತದೆ. ಆದ್ದರಿಂದ ‘ರೋಬೋಟ್ ಆಪರೇಷನ್ ಮಾಡುತ್ತದಂತೆ’ ಎಂದು ಹೆದರುವವರು ಕೇಳಬೇಕಾದದ್ದು ಸರ್ಜನ್‌ಗೆ ಎಷ್ಟು ಅನುಭವವಿದೆ ಎಂದು.

ಎಷ್ಟು ತೀರ್ಮಾನವನ್ನು ಯಂತ್ರಕ್ಕೆ ಬಿಟ್ಟುಕೊಟ್ಟಿದ್ದೇವೆ ಎಂಬ ಪ್ರಶ್ನೆಗೆ ಆಕಾಶದಲ್ಲಿ ಒಳ್ಳೆಯ ಉದಾಹರಣೆ ಇದೆ. 2023ರ ಆಗಸ್ಟ್ 27ರಂದು ಚಂದ್ರನ ಮೇಲೆ ಚಂದ್ರಯಾನ-3ರ ಪ್ರಜ್ಞಾನ್ ರೋವರಿಗೆ, ಅಂದರೆ ಅಲ್ಲಿ ಓಡಾಡುವ ಚಕ್ರದ ಯಂತ್ರಕ್ಕೆ, 3 ಮೀಟರ್ ಮುಂದೆ 4 ಮೀಟರ್ ಅಗಲದ ಕುಳಿ ಎದುರಾಯಿತು. ಬಂದ ದಾರಿಯಲ್ಲೇ ಹಿಂದಿರುಗು ಎಂಬ ಆದೇಶ ಭೂಮಿಯಿಂದ ಹೋಯಿತು. ಚಂದ್ರನಿಗೆ ರೇಡಿಯೋ ಸಂಕೇತ ಒಂದೂಕಾಲು ಸೆಕೆಂಡು ಚಿಲ್ಲರೆಯಲ್ಲಿ ತಲುಪುತ್ತದೆ, ಹಾಗಾಗಿ ಅದು ಸಾಧ್ಯ. ಮಂಗಳಕ್ಕಾದರೆ ಒಂದು ಕಡೆಗೇ 3ರಿಂದ 22 ನಿಮಿಷ ಬೇಕು. ‘ಮುಂದೆ ಹಳ್ಳವಿದೆ’ ಎಂಬ ಸುದ್ದಿ ಇಲ್ಲಿಗೆ ಬರುವಷ್ಟರಲ್ಲಿ ಬೀಳುವುದು ಬಿದ್ದಾಗಿರುತ್ತದೆ. ಅದಕ್ಕೇ ಅಲ್ಲಿನ ರೋವರ್‌ಗಳಿಗೆ ಜೋಡಿ ಕ್ಯಾಮೆರಾಗಳಿಂದ ಕಲ್ಲುಗಳ ದೂರ ಅಳೆದು ತಾವೇ ದಾರಿ ಆರಿಸಿಕೊಳ್ಳುವುದನ್ನು ಕಲಿಸಿದ್ದಾರೆ. 2004ರಲ್ಲಿ ಮಂಗಳಕ್ಕೆ ಇಳಿದ ಆಪರ್ಚುನಿಟಿ ರೋವರಿನಿಂದ ನಿರೀಕ್ಷಿಸಿದ್ದದ್ದು ಮಂಗಳದ 90 ದಿನಗಳ ದುಡಿಮೆ. ಅದು 2018ರವರೆಗೆ ಬದುಕಿ 45 ಕಿಲೋಮೀಟರ್ ನಡೆಯಿತು.

ಕೆಲಸ ಹೋಗುತ್ತದೆಯೇ ಎಂಬುದು ಇದರ ಬೆನ್ನಿಗೇ ಬರುವ ಪ್ರಶ್ನೆ. ಕೆಲವು ಕಡೆ ಹೋಗುತ್ತದೆ, ಅದನ್ನು ಮುಚ್ಚಿಡಬಾರದು. ಅಮೆರಿಕದ 1990ರಿಂದ 2007ರವರೆಗಿನ ಅಂಕಿಅಂಶ ಪರಿಶೀಲಿಸಿದ ಅರ್ಥಶಾಸ್ತ್ರಜ್ಞರಾದ ಡ್ಯಾರನ್ ಅಸೆಮೊಗ್ಲು ಮತ್ತು ಪಾಸ್ಕ್ವಾಲ್ ರೆಸ್ಟ್ರೆಪೊ, ಸಾವಿರ ಕಾರ್ಮಿಕರಿಗೆ ಒಂದು ರೋಬೋಟ್ ಹೆಚ್ಚಾದರೆ ಕೂಲಿ ಶೇ. 0.42ರಷ್ಟು ಇಳಿದದ್ದನ್ನು ಕಂಡರು. ನಷ್ಟ ಎಲ್ಲರಿಗೂ ಸಮನಾಗಿ ಹಂಚಿಹೋಗುವುದಿಲ್ಲ, ಕಾರ್ಖಾನೆಯನ್ನೇ ನೆಚ್ಚಿಕೊಂಡ ಊರುಗಳ ಮೇಲೆ ಬೀಳುತ್ತದೆ. ಜಗತ್ತಿನ ಕಾರ್ಖಾನೆಗಳಲ್ಲಿ ಈಗ 40 ಲಕ್ಷಕ್ಕೂ ಹೆಚ್ಚು ರೋಬೋಟ್‌ಗಳಿವೆ. ಕೆಲಸ ಕಳೆದುಕೊಂಡವರಿಗೆ ಮರುತರಬೇತಿ ಯಾರು ಕೊಡಬೇಕು ಎಂಬುದನ್ನು ಯಂತ್ರ ತಂದ ಮೇಲಲ್ಲ, ತರುವ ಮೊದಲೇ ಮಾತಾಡಬೇಕು.

ಯಾವ ಕೆಲಸ ರೋಬೋಟಿಗೆ ಸುಲಭ, ಯಾವುದು ಕಷ್ಟ ಎಂಬುದರಲ್ಲಿ ನಮ್ಮ ಊಹೆ ತಲೆಕೆಳಗಾಗುತ್ತದೆ. ನಮಗೆ ಬೆವರಿಳಿಸುವ ಚದುರಂಗ ಕಂಪ್ಯೂಟರಿಗೆ ಸಲೀಸು. ಪುಟ್ಟ ಮಗು ಮಾಡುವ ಕೆಲಸ, ಅಂದರೆ ಎಡವದೆ ನಡೆಯುವುದು, ಮೆತ್ತಗಿನದ್ದನ್ನು ಹಿಡಿಯುವುದು, ಮಹಾಕಷ್ಟ. ನಿಮ್ಮ ವಾಷಿಂಗ್ ಮಶೀನಿನ ಪಕ್ಕದಲ್ಲೇ ಇದಕ್ಕೆ ಸಾಕ್ಷಿಯಿದೆ. ಒಗೆಯಲು ರೋಬೋಟ್ ಬೇಕಾಗಲಿಲ್ಲ, ಡ್ರಮ್ ಸಾಕಾಯಿತು. ಒಗೆದ ಬಟ್ಟೆ ಮಡಿಸಲು ಡ್ರಮ್ ಸಾಲದು. 2010ರಲ್ಲಿ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಬರ್ಕ್ಲಿ ಸಂಶೋಧಕರು ಪಿಆರ್2 ಎಂಬ ಎರಡು ಕೈಗಳ ರೋಬೋಟಿನ ಮುಂದೆ ಅದು ಹಿಂದೆಂದೂ ನೋಡಿರದ ಟವೆಲುಗಳನ್ನು ಇಟ್ಟರು. ಅದು ಒಂದನ್ನು ಎತ್ತಿತು, ಕ್ಯಾಮೆರಾದ ಮುಂದೆ ನಿಧಾನವಾಗಿ ತಿರುಗಿಸಿತು, ಮೂಲೆ ಎಲ್ಲಿದೆ ಎಂದು ಹುಡುಕಿತು. ಒಂದು ಮೂಲೆ ಹಿಡಿದು ಇನ್ನೊಂದನ್ನು ಹುಡುಕಿತು. ಆಮೇಲೆ ಮೇಜಿನ ಮೇಲೆ ಹರಡಿ, ಮಡಿಸಿ, ಅಂಗೈಯಿಂದ ಸವರಿದಂತೆ ಒಮ್ಮೆ ಸವರಿ ಪಕ್ಕಕ್ಕಿಟ್ಟಿತು. ಒಂದು ಟವೆಲಿಗೆ ಸರಾಸರಿ 24 ನಿಮಿಷಕ್ಕೂ ಹೆಚ್ಚು ಹಿಡಿಯಿತು.