ಜೋತುಬಿದ್ದ ರೆಪ್ಪೆ: ಯಾವ ಡಾಕ್ಟರ್ ಹತ್ತಿರ ಹೋಗಬೇಕು?

ಕಲಬುರಗಿಯ ನನ್ನ ಕಣ್ಣಿನ ಕ್ಲಿನಿಕ್‌ಗೆ ಬರುವವರು ಮೊದಲು ಕೇಳೋದು ಊರಿನ ಬಗ್ಗೆ. "ರೆಪ್ಪಿ ಇಳದದ್ರಿ, ಸೊಲ್ಲಾಪುರಕ್ಕ ಹೋಗ್ಲೇನು, ಹೈದ್ರಾಬಾದಿಗೆ ಹೋಗ್ಲೇನ್ರಿ?" ಊರು ಆಮೇಲೆ. ರೆಪ್ಪೆ ಯಾಕೆ ಇಳಿದಿದೆ ಅನ್ನೋದು ಗೊತ್ತಾಗದೆ ಡಾಕ್ಟರನ್ನು ಹುಡುಕಲು ಆಗಲ್ಲ.

ವಯಸ್ಸಾದ ಕೆಲವರಿಗೆ ರೆಪ್ಪೆ ಇಳಿದೇ ಇರುವುದಿಲ್ಲ, ಮೇಲಿನ ಚರ್ಮ ಸಡಿಲಾಗಿರುತ್ತದೆ ಅಷ್ಟೇ. ಅದನ್ನು ಪ್ಲಾಸ್ಟಿಕ್ ಸರ್ಜನ್ ಕೂಡ ತೆಗೆಯುತ್ತಾರೆ. ಆದರೆ ರೆಪ್ಪೆ ಎತ್ತುವ ಲಿವೇಟರ್ ಸ್ನಾಯುವಿನ ಪಟ್ಟಿಯೇ ಜಾರಿದ್ದರೆ (ವಯಸ್ಸಿನಿಂದ, ಕೆಲವೊಮ್ಮೆ ಪೊರೆಯ ಆಪರೇಷನ್ ಆದಮೇಲೂ ಹೀಗಾಗುತ್ತದೆ) ಬರೀ ಚರ್ಮ ಕತ್ತರಿಸಿದರೆ ರೆಪ್ಪೆ ಏಳಲ್ಲ. ಅದಕ್ಕೆ ಆಕ್ಯುಲೋಪ್ಲಾಸ್ಟಿ ಸರ್ಜನ್ ಬೇಕು, ಅಂದರೆ ಕಣ್ಣಿನ ಎಂಎಸ್ ಮುಗಿಸಿ ರೆಪ್ಪೆ, ಕಣ್ಣೀರಿನ ನಾಳ, ಕಣ್ಣಿನ ಗೂಡು ಇವನ್ನೇ ಫೆಲೋಶಿಪ್‌ನಲ್ಲಿ ಬೇರೆಯಾಗಿ ಕಲಿತವರು. ಹೈದರಾಬಾದ್, ಬೆಂಗಳೂರಿನ ದೊಡ್ಡ ಕಣ್ಣಿನ ಆಸ್ಪತ್ರೆಗಳಲ್ಲಿ ಸಿಗುತ್ತಾರೆ. ಬೀದರ್‌ನವರಿಗೆ ಹೈದರಾಬಾದೇ ಹತ್ತಿರ, ಅಲ್ವಾ? ಪೊರೆ ಆಪರೇಷನ್‌ನಲ್ಲಿ ಕೈ ಪಳಗಿದವರೆಲ್ಲ ಇದನ್ನೂ ಮಾಡುತ್ತಾರೆ ಅಂದುಕೊಳ್ಳಬೇಡಿ. ನಾನೇ ಮಾಡಲ್ಲ, ಕಳಿಸಿಕೊಡುತ್ತೇನೆ.

ಚಾಕು ಮುಟ್ಟಲೇಬಾರದ ರೆಪ್ಪೆಗಳೂ ಇವೆ. ಬೆಳಿಗ್ಗೆ ಸರಿ ಇದ್ದು ಸಂಜೆ ಹೊತ್ತಿಗೆ ಇಳಿಯುತ್ತದೆ ಅಂದರೆ ಮಯಸ್ತೇನಿಯಾ (ನರದ ಸಂದೇಶ ಸರಿಯಾಗಿ ಮುಟ್ಟದೆ ಸ್ನಾಯು ಬೇಗ ದಣಿಯುವ ರೋಗ) ಇರಬಹುದು, ನರರೋಗ ತಜ್ಞರಿಗೆ ತೋರಿಸಿ. ಇದ್ದಕ್ಕಿದ್ದಂತೆ ರೆಪ್ಪೆ ಬಿದ್ದು, ತಲೆ ಸಿಡಿದು, ಆ ಕಣ್ಣಿನ ಪಾಪೆ ದೊಡ್ಡದಾಗಿದ್ದರೆ ಮೆದುಳಿನ ರಕ್ತನಾಳ ಉಬ್ಬಿ ನರವನ್ನು ಒತ್ತುತ್ತಿರಬಹುದು. ಆ ಗಳಿಗೆಯಲ್ಲೇ ದೊಡ್ಡಾಸ್ಪತ್ರೆಗೆ ಹೊರಡಿ. ಇನ್ನು ನಮ್ಮ ಕಡೆ ಹೊಲದಲ್ಲಿ, ಜೋಪಡಿಯಲ್ಲಿ ನೆಲದ ಮೇಲೆ ಮಲಗಿದವರಿಗೆ ಎದ್ದಾಗ ಎರಡೂ ರೆಪ್ಪೆ ಎತ್ತಲು ಬರುತ್ತಿಲ್ಲ, ಉಗುಳು ನುಂಗಲು ಆಗುತ್ತಿಲ್ಲ ಅಂದರೆ ಹಾವಿನ ವಿಷ ಅಂತಲೇ ಅನುಮಾನಪಡಿ. ಕಟ್ಟುಹಾವು ಕಚ್ಚಿದ ಗುರುತು ಎಷ್ಟೋ ಸಲ ಕಾಣುವುದೇ ಇಲ್ಲ.

ಸರ್ಜನ್ ಸಿಕ್ಕರು ಅಂದುಕೊಳ್ಳಿ. ಅವರು ಸ್ಕೇಲ್ ತೆಗೆಯುತ್ತಾರಾ ನೋಡಿ. ನಿಮ್ಮ ಹುಬ್ಬನ್ನು ಹೆಬ್ಬೆರಳಿಂದ ಒತ್ತಿ ಹಿಡಿದು, ಕೆಳಗೆ ನೋಡಿ, ಈಗ ಮೇಲೆ ನೋಡಿ ಅಂತ ಹೇಳಿ, ರೆಪ್ಪೆಯ ಅಂಚು ಎಷ್ಟು ಮಿಲಿಮೀಟರ್ ಏರಿತು ಅಂತ ಬರೆದುಕೊಳ್ಳಬೇಕು. ಹುಬ್ಬು ಬಿಟ್ಟರೆ ಹಣೆ ಕಳ್ಳತನದಲ್ಲಿ ರೆಪ್ಪೆಯನ್ನು ಎತ್ತಿಬಿಡುತ್ತದೆ, ಲೆಕ್ಕ ತಪ್ಪುತ್ತದೆ. 15ರ ಹತ್ತಿರ ಬಂದರೆ ಸ್ನಾಯು ಗಟ್ಟಿಯಿದೆ, ಬಿಗಿ ಮಾಡಿದರೆ ಸಾಕು. 4ಕ್ಕಿಂತ ಕಡಿಮೆ ಇದ್ದರೆ ಸಾಮಾನ್ಯವಾಗಿ ಸಿಲಿಕಾನ್ ಎಳೆಯಿಂದಲೋ ತೊಡೆಯಿಂದ ತೆಗೆದ ಪಟ್ಟಿಯಿಂದಲೋ ರೆಪ್ಪೆಯನ್ನು ಹಣೆಯ ಸ್ನಾಯುವಿಗೆ ಕಟ್ಟಬೇಕಾಗುತ್ತದೆ. ಕಣ್ಣು ಒಣಗಿದೆಯಾ, ಮುಚ್ಚಿದಾಗ ಗುಡ್ಡೆ ಮೇಲಕ್ಕೆ ತಿರುಗುತ್ತದಾ ಅಂತಲೂ ನೋಡಬೇಕು. ಯಾಕಂದ್ರೆ ಆಪರೇಷನ್ ಆದಮೇಲೆ ಕೆಲವರಿಗೆ ನಿದ್ದೆಯಲ್ಲಿ ಕಣ್ಣು ಪೂರ್ತಿ ಮುಚ್ಚಲ್ಲ, ಕಾರ್ನಿಯಾ (ಕಣ್ಣಿನ ಮುಂದಿನ ಪಾರದರ್ಶಕ ಪದರ) ಒಣಗಿ ಹುಣ್ಣಾಗಬಹುದು. ಇದ್ಯಾವುದೂ ಇಲ್ಲದೆ ಬರೀ ಪ್ಯಾಕೇಜ್ ರೇಟು ಹೇಳಿದರೆ ಎದ್ದು ಬನ್ನಿ. ಎರಡೂ ಕಣ್ಣು ಅಚ್ಚು ಹೊಯ್ದಂಗೆ ಕಾಣುತ್ತವೆ ಅಂತ ಗ್ಯಾರಂಟಿ ಕೊಟ್ಟರೂ ಅಷ್ಟೇ. ಒಮ್ಮೊಮ್ಮೆ ಎರಡನೇ ಸಲ ಸರಿ ಮಾಡಬೇಕಾಗುತ್ತದೆ, ಅದರ ಖರ್ಚು ಯಾರದು ಅಂತ ಮೊದಲೇ ಕೇಳಿ. ಹೋಗುವಾಗ ಮದುವೆ ಫೋಟೋ, ಹಳೇ ಐಡಿ ಕಾರ್ಡ್ ಇದ್ದರೆ ಒಯ್ಯಿರಿ, ರೆಪ್ಪೆ ಯಾವಾಗಿಂದ ಇಳಿದಿದೆ ಅಂತ ಗೊತ್ತಾಗುತ್ತದೆ.

ಹುಟ್ಟಿನಿಂದಲೇ ರೆಪ್ಪೆ ಇಳಿದು ಪಾಪೆ ಮುಚ್ಚಿರುವ ಮಕ್ಕಳ ವಿಷಯ ಬೇರೆ. "ದೊಡ್ಡಾಂವ ಆಗ್ಲಿ ತಡಿ" ಅಂತ ಮನೆಯ ಹಿರಿಯರು ಹೇಳುತ್ತಾರೆ. ನೋಟ ಬೆಳೆಯುವ ವಯಸ್ಸಿನಲ್ಲಿ ಬೆಳಕು ಒಳಗೆ ಹೋಗದಿದ್ದರೆ ಆ ಕಣ್ಣು ಮಂದವಾಗಿಯೇ ಉಳಿಯಬಹುದು, ಮುಂದೆ ರೆಪ್ಪೆ ಎತ್ತಿದರೂ ನೋಟ ಬರಲಿಕ್ಕಿಲ್ಲ. ಅಂಥ ಕೂಸನ್ನು ಈ ವಾರವೇ ತೋರಿಸಿ.